ಅರ್ಧಕ್ಕೆ ನಿಂತ ಪುಸ್ತಕದ ಬಗ್ಗೆ ಏನು ಹೇಳಲಿ?

ಪ್ರಶ್ನೆ:

"ಸರ್, ನಾನು ಕುಮಟಾದವಳು. ವಯಸ್ಸು 54. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಚಿಕ್ಕಂದಿನಿಂದಲೂ ಓದಿನ ಹುಚ್ಚು. ನಾವು ಹತ್ತು-ಹನ್ನೆರಡು ಜನ ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಚಹಾ, ಅವಲಕ್ಕಿ ಆದಮೇಲೆ ಎಲ್ಲರೂ ಸರದಿಯಲ್ಲಿ ಎರಡು ಮಾತು ಹೇಳಬೇಕು. ಈಗ ಏನು ಓದ್ತಾ ಇದೀರಿ, ಹೇಗನ್ನಿಸ್ತು. ವರ್ಷದಿಂದ ಈಚೆ ನನ್ನ ಸರದಿ ಬಂದರೆ ಹೊಟ್ಟೆಯಲ್ಲಿ ತಳಮಳ. ಯಾವುದೂ ಮುಗಿಯುತ್ತಿಲ್ಲ. ಹಾಸಿಗೆ ಪಕ್ಕ ನಾಲ್ಕು ಪುಸ್ತಕ ಇವೆ. 'ಮಲೆಗಳಲ್ಲಿ ಮದುಮಗಳು' ನೂರು ಪುಟ ದಾಟಿಲ್ಲ. 'ಶಿಕಾರಿ' ಎರಡು ಸಲ ಹಿಡಿದೆ, ಎರಡೂ ಸಲ ಒಂದೇ ಕಡೆ ನಿಂತೆ. ಬುಕರ್ ಬಂತು ಅಂತ ಬಾನು ಮುಷ್ತಾಕ್ ಅವರ ಕತೆಗಳನ್ನು ತರಿಸಿದೆ, ಐದನೇ ಕತೆಗೆ ಸುಸ್ತು. ನಾಲ್ಕನೆಯದು ನಮ್ಮ ಗುಂಪಿನವರೇ ಬರೆದ ಕಾದಂಬರಿ. ಸಹಿ ಹಾಕಿ ಕೊಟ್ಟಿದ್ದಾರೆ. ಅದು ನನಗೆ ಹಿಡಿಸಲಿಲ್ಲ. ಆದರೂ ಕಳೆದ ಸಲ 'ತುಂಬಾ ಚೆನ್ನಾಗಿದೆ' ಅಂದುಬಿಟ್ಟೆ. ಓದುವುದು ರಾತ್ರಿ ಮಲಗಿಕೊಂಡು. ಹತ್ತು ಪುಟಕ್ಕೆ ತಲೆ ಭಾರ. ಮನುಷ್ಯರ ಗಮನ ಈಗ ಮೀನಿಗಿಂತ ಕಡಿಮೆ ಆಗಿದೆ ಅಂತ ನಮ್ಮನೆಯವರು ವಾಟ್ಸಾಪ್ ತೋರಿಸುತ್ತಾರೆ. ಗುಂಪಿನಲ್ಲಿ ಒಬ್ಬರು ವರ್ಷಕ್ಕೆ ನೂರು ಪುಸ್ತಕ ಎಂದು ಲೆಕ್ಕ ಇಟ್ಟಿದ್ದಾರೆ. ನನ್ನ ಓದು ಮುಗೀತಾ? ಆಡಿಯೋ ಪುಸ್ತಕಕ್ಕೆ ಹೋಗಲಾ? ಕೇಳಿದರೆ ಓದಿದ ಲೆಕ್ಕವಾ? ಇನ್ನೊಂದು, ಮಳೆಗಾಲ ಕಳೆದ ಮೇಲೆ ಪುಸ್ತಕಕ್ಕೆಲ್ಲ ಬೂಷ್ಟು ಹಿಡಿದಿದೆ. ತೆರೆದರೆ ಸೀನು. ಅದಕ್ಕೂ ಏನಾದರೂ ಹೇಳಿ."

ಉತ್ತರ:

ನಿಮ್ಮ ಪತ್ರದಲ್ಲಿ ಪ್ರಶ್ನೆ ತುಂಬಾ ಇವೆ ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಎರಡೇ. ಓದು ಯಾಕೆ ಮುಂದೆ ಹೋಗುತ್ತಿಲ್ಲ ಎನ್ನುವುದು ಒಂದು. ಮುಗಿಯದ, ಹಿಡಿಸದ ಪುಸ್ತಕದ ಬಗ್ಗೆ ನಾಲ್ಕು ಜನರ ಮುಂದೆ ಏನು ಹೇಳುವುದು ಎನ್ನುವುದು ಇನ್ನೊಂದು. ಎರಡನೆಯದೇ ಮೊದಲನೆಯದನ್ನು ಜಾಸ್ತಿ ಮಾಡುತ್ತಿದೆ ಎಂದು ನನ್ನ ಅನುಮಾನ. ಭಾನುವಾರ ಹೇಳಲೇಬೇಕು ಎಂಬ ಭಾರ ಇಟ್ಟುಕೊಂಡು ರಾತ್ರಿ ಪುಸ್ತಕ ತೆರೆದರೆ ಅದು ಓದಲ್ಲ, ಹೋಮ್‌ವರ್ಕ್. ಮಕ್ಕಳಿಗೆ ಹೋಮ್‌ವರ್ಕ್ ಕೊಡುವ ನಿಮಗೆ ಅದರ ರುಚಿ ನಾನು ಹೇಳಬೇಕಾಗಿಲ್ಲ.

ನಾನು ಶಿರಸಿಯಲ್ಲಿ ಬಹಳ ವರ್ಷ ಗ್ರಂಥಪಾಲಕನಾಗಿ ಕೆಲಸ ಮಾಡಿದವನು. ಈಗಲೂ ಓದುಗರ ಒಂದು ಗುಂಪಿನ ಜೊತೆ ಕೂರುತ್ತೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ. ಕಣ್ಣಿನ ಮತ್ತು ಮನಸ್ಸಿನ ವಿಷಯದಲ್ಲಿ ಕೊನೆಯ ಮಾತು ಡಾಕ್ಟರದ್ದು.

ಮೊದಲು ಕಣ್ಣಿನ ವಿಷಯ ಮುಗಿಸೋಣ. ಐವತ್ತು ದಾಟಿದವರು "ಓದು ಹಿಡಿಸ್ತಾ ಇಲ್ಲ" ಎಂದು ಬಂದರೆ ನಾನು ಪುಸ್ತಕದ ಹೆಸರು ಕೇಳುವ ಮೊದಲು ಕನ್ನಡಕ ಕೇಳುತ್ತೇನೆ. ನಲವತ್ತರ ಹೊತ್ತಿಗೆ ಹತ್ತಿರದ್ದು ಮಸುಕಾಗಲು ಶುರುವಾಗುತ್ತದೆ. ಅರವತ್ತರ ಆಚೀಚೆವರೆಗೂ ಅದು ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಮೂರು ವರ್ಷದ ಹಿಂದಿನ ನಂಬರ್ ಇವತ್ತಿಗೆ ಸರಿಯಾಗದೆ ಇರಬಹುದು. ಬೆಳಕಿನದ್ದೂ ಅದೇ ಕತೆ. ಇಪ್ಪತ್ತರ ಹುಡುಗಿಯ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನಲ್ಲಿ ಅರವತ್ತರವರಿಗೆ ತಲುಪುವುದು ಸುಮಾರು ಮೂರನೇ ಒಂದು ಭಾಗ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿ ತಿರುಗಿರುತ್ತದೆ. ಕೋಣೆಯ ಮಧ್ಯೆ ಇರುವ ಟ್ಯೂಬ್‌ಲೈಟ್ ಮಗಳಿಗೆ ಸಾಕಾಗುತ್ತದೆ, ನಿಮಗೆ ಸಾಕಾಗುವುದಿಲ್ಲ.

ಇದಕ್ಕೆ ಕನ್ನಡದ್ದೇ ಒಂದು ಕಷ್ಟ ಸೇರುತ್ತದೆ. ನಮ್ಮ ಒತ್ತಕ್ಷರ. ಸಾಲಿನ ಕೆಳಗೆ ಇರುವೆಯಷ್ಟು ಗಾತ್ರದಲ್ಲಿ ಕೂತಿರುತ್ತದೆ. ಹಳೆಯ ಮೊಳೆ ಅಚ್ಚಿನ ಪುಸ್ತಕದಲ್ಲಿ ಶಾಯಿ ಹರಡಿ ತ ಒತ್ತು, ನ ಒತ್ತು ಎರಡೂ ಒಂದೇ ಚುಕ್ಕೆಯಾಗಿರುತ್ತವೆ. ಕಣ್ಣು ಅದನ್ನು ನೋಡುವುದಿಲ್ಲ, ತಲೆ ಊಹಿಸುತ್ತದೆ. ಪುಟಕ್ಕೆ ಎಷ್ಟು ಒತ್ತಕ್ಷರ ಬರುತ್ತವೆ ಎಂದು ಒಮ್ಮೆ ಗಮನಿಸಿ ನೋಡಿ. ಅಷ್ಟೂ ಕಡೆ ಊಹೆ ಮಾಡುತ್ತಾ ಹೋದರೆ ಹತ್ತು ಪುಟಕ್ಕೆ ತಲೆ ಭಾರ ಆಗದೆ ಇರುತ್ತದಾ? ಓದುವವರು ಮಾತ್ರ "ಈ ಪುಸ್ತಕ ಬೋರು" ಎನ್ನುತ್ತಾರೆ.

ನೀವು ಮಲಗಿ ಓದುತ್ತೀರಿ ಎಂದು ಬರೆದಿದ್ದೀರಿ. ನಿಮ್ಮದು ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನ ಪ್ರೊಗ್ರೆಸಿವ್ ಕನ್ನಡಕವಾ? ಹಾಗಿದ್ದರೆ ಅರ್ಧ ಉತ್ತರ ಅಲ್ಲೇ ಇದೆ. ಆ ಗಾಜಿನಲ್ಲಿ ಓದುವ ಭಾಗ ಇರುವುದು ಕೆಳಗೆ. ಅಂಗಾತ ಮಲಗಿ ಪುಸ್ತಕ ಮೇಲೆತ್ತಿ ಹಿಡಿದರೆ ನೀವು ನೋಡುವುದು ದೂರದ ಭಾಗದಿಂದ. ಗಲ್ಲ ಎತ್ತಿ, ಕುತ್ತಿಗೆ ಸೊಟ್ಟ ಮಾಡಿ ಓದುತ್ತೀರಿ. ಓದಿಗೆಂದೇ ಬೇರೆ ಒಂದು ಕನ್ನಡಕ ಮಾಡಿಸಿ. ಅಂಗಡಿಯಲ್ಲಿ ತಗಲಿ ಹಾಕಿದ ರೆಡಿಮೇಡ್ ಕನ್ನಡಕ ಬೇಡ. ಅದರಲ್ಲಿ ಎರಡೂ ಕಣ್ಣಿಗೆ ಒಂದೇ ನಂಬರ್ ಇರುತ್ತದೆ, ಎಷ್ಟೋ ಜನರ ಕಣ್ಣು ಹಾಗಿರುವುದಿಲ್ಲ. ಪರೀಕ್ಷೆ ಮಾಡಿಸುವಾಗ ಕಣ್ಣಿನ ಪೊರೆ ಶುರುವಾಗಿದೆಯಾ ಎಂದೂ ಕೇಳಿ, ಶುಗರ್ ನೋಡಿಸಿ. ಭುಜದ ಹಿಂದಿನಿಂದ ಬೆಳಕು ಬೀಳುವ ಹಾಗೆ ಒಂದು ದೀಪ ಇಡಿ. ಇಷ್ಟಕ್ಕೇ ಓದು ಮರಳಿದವರನ್ನು ನಾನು ಕಂಡಿದ್ದೇನೆ.

ಇನ್ನು ನಿಮ್ಮನೆಯವರ ಮೀನು. ಅವರಿಗೆ ಬೇಜಾರಾಗದ ಹಾಗೆ ಹೇಳಿ, ಅದು ಸುಳ್ಳು. 2015ರಲ್ಲಿ ಮೈಕ್ರೋಸಾಫ್ಟ್‌ನ ಕೆನಡಾ ಶಾಖೆ ಜಾಹೀರಾತುದಾರರಿಗಾಗಿ ಒಂದು ವರದಿ ತಂದಿತು. ಮನುಷ್ಯರ ಗಮನ 12 ಸೆಕೆಂಡಿನಿಂದ 8ಕ್ಕೆ ಇಳಿದಿದೆ, ಗೋಲ್ಡ್ ಫಿಶ್‌ನದ್ದು 9 ಎಂದು ಅದರಲ್ಲಿತ್ತು. ಆ ಅಂಕಿ ಅವರು ಅಳೆದದ್ದಲ್ಲ. ಅಂಕಿಅಂಶ ಹಾಕುವ ಬೇರೊಂದು ಜಾಲತಾಣದಿಂದ ತಂದದ್ದು. 2017ರಲ್ಲಿ ಬಿಬಿಸಿಯವರು ಬೇರು ಹುಡುಕುತ್ತಾ ಹೋದರೆ ಹಿಂದೆ ಯಾವ ಸಂಶೋಧನೆಯೂ ಸಿಗಲಿಲ್ಲ. ಗೋಲ್ಡ್ ಫಿಶ್ ಪಾಪ, ನೆನಪಿನ ಪ್ರಯೋಗಗಳಿಗೆ ವಿಜ್ಞಾನಿಗಳು ಹಿಂದಿನಿಂದಲೂ ಬಳಸುತ್ತಾ ಬಂದ ಮೀನು. ಕಲಿಸಿದ್ದು ಅದಕ್ಕೆ ನೆನಪಿರುತ್ತದೆ. ಮೀನಿಗೆ ಗಮನ ಇಲ್ಲ ಎಂದು ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ಹೇಳಿ ನೋಡಿ, ನಕ್ಕು ಕಳಿಸುತ್ತಾರೆ.

ಹಾಗಂತ ಮೊಬೈಲಿಗೆ ಕ್ಲೀನ್ ಚಿಟ್ ಕೊಡುತ್ತಿಲ್ಲ. ಗಮನದ ಸಾಮರ್ಥ್ಯ ಕರಗಿ ಹೋಗಿಲ್ಲ, ಅದನ್ನು ತುಂಡು ಮಾಡುವವರು ಜಾಸ್ತಿಯಾಗಿದ್ದಾರೆ. ಪ್ರತಿ ಸಲ ಟಿಂಗ್ ಎಂದಾಗ ಕತೆಯಿಂದ ಹೊರಗೆ ಬಂದು, ಮತ್ತೆ ಎರಡು ಸಾಲು ಹಿಂದಿನಿಂದ ಓದಿ ಒಳಗೆ ಹೋಗಬೇಕು. ಮೊಬೈಲನ್ನು ಮಗುಚಿ ಇಟ್ಟರೆ ಸಾಲದು, ಬೇರೆ ಕೋಣೆಯಲ್ಲಿಡಿ. ಪರದೆಯ ಮೇಲೆ ಓದುವುದೇ ತಪ್ಪು ಎನ್ನುವವರಿಗೂ ಒಂದು ಮಾತು. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಒಂದು ವಿಶ್ಲೇಷಣೆ 2018ರಲ್ಲಿ ಬಂತು. ಮಾಹಿತಿಯ ಬರಹವನ್ನು, ಅದರಲ್ಲೂ ಗಡಿಬಿಡಿಯಲ್ಲಿ ಓದುವಾಗ, ಕಾಗದದ ಮೇಲೆ ಓದಿದವರಿಗೆ ಜಾಸ್ತಿ ಅರ್ಥವಾಗಿತ್ತು. ಕತೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಕಾದಂಬರಿಯನ್ನು ಟ್ಯಾಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದಬೇಕು ಅನ್ನಿಸಿದರೆ ಸಂಕೋಚ ಬೇಡ. ಒಂದನ್ನು ಗಮನಿಸಿ. ಅಕ್ಷರ ಹಿಗ್ಗಿಸಲು ಬರುವ ಇ-ಪುಸ್ತಕ ಬೇರೆ, ಪುಟದ ಫೋಟೋ ಹೊಡೆದ ಪಿಡಿಎಫ್ ಬೇರೆ. ಎರಡನೆಯದರಲ್ಲಿ ಒತ್ತಕ್ಷರದ ಕಷ್ಟ ಹಾಗೇ ಉಳಿಯುತ್ತದೆ.

ಈಗ ಪುಸ್ತಕಗಳಿಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಮಾತು, "ಎರಡೂ ಸಲ ಒಂದೇ ಕಡೆ ನಿಂತೆ" ಎನ್ನುವುದು. ಅದನ್ನು ನೀವು ನಾಚಿಕೆಯಿಂದ ಬರೆದಿದ್ದೀರಿ. ನನಗೆ ಅದರಷ್ಟು ಉಪಯೋಗದ ಮಾಹಿತಿ ಬೇರೆ ಇಲ್ಲ.

ಗ್ರಂಥಾಲಯದ ರಿಜಿಸ್ಟರ್ ಯಾರು ಏನು ಒಯ್ದರು ಎಂದು ಹೇಳುತ್ತದೆ. ಓದಿದರಾ ಎಂದು ಹೇಳುವುದಿಲ್ಲ. ಕಪಾಟಿನಲ್ಲಿ ಇದ್ದದ್ದು ಓದುಗರು ಬಯಸಿದ್ದು ಎಂದೂ ಅಲ್ಲ, ಸಗಟು ಖರೀದಿಯಲ್ಲಿ ಬಂದದ್ದೂ ಅಲ್ಲೇ ಇರುತ್ತದೆ. ನಿಜ ಗೊತ್ತಾಗುವುದು ಪುಸ್ತಕ ವಾಪಸ್ ಬಂದಾಗ. ಬೆನ್ನು ಎಲ್ಲಿಯವರೆಗೆ ಸಡಿಲಾಗಿದೆ, ಯಾವ ಪುಟದವರೆಗೆ ಅಂಚು ಮಾಸಿದೆ, ಕಿವಿ ಮಡಿಸಿದ್ದು ಎಲ್ಲಿ ನಿಂತಿದೆ. ಗುರುತಿಗೆ ಇಟ್ಟದ್ದನ್ನು ತೆಗೆಯಲು ಜನ ಮರೆಯುತ್ತಾರೆ. ವಾಯವ್ಯ ಸಾರಿಗೆಯ ಬಸ್ ಟಿಕೆಟ್, ಯಕ್ಷಗಾನದ ಕರಪತ್ರ, ಸೊಸೈಟಿಯ ಅಡಿಕೆ ರಸೀದಿ. ಅರವತ್ತನೇ ಪುಟದಲ್ಲಿ ಟಿಕೆಟ್, ಅಲ್ಲಿಂದಾಚೆ ಪುಟಗಳು ಹೊಚ್ಚ ಹೊಸದು. ಒಂದೇ ಪುಸ್ತಕ ಬೇರೆಬೇರೆ ಜನರ ಕೈಯಿಂದ ಬಂದಾಗಲೂ ಗುರುತು ಹೆಚ್ಚುಕಮ್ಮಿ ಅಲ್ಲೇ ಇರುತ್ತಿತ್ತು. ನಿಲ್ಲುವುದಕ್ಕೆ ಕಾರಣ ಎಲ್ಲ ಸಲವೂ ಓದುವವರಲ್ಲಿ ಇರುವುದಿಲ್ಲ ಎಂದು ನನಗೆ ಗೊತ್ತಾದದ್ದು ಹೀಗೆ.

'ಮಲೆಗಳಲ್ಲಿ ಮದುಮಗಳು' ತೆಗೆದುಕೊಳ್ಳಿ. 1967ರಲ್ಲಿ ಬಂದ ಕುವೆಂಪು ಅವರ ಕಾದಂಬರಿ. ಅದರಲ್ಲಿ ಕೈ ಹಿಡಿದು ಕರೆದುಕೊಂಡು ಹೋಗುವ ಒಬ್ಬ ನಾಯಕ ಇಲ್ಲ. ಗುತ್ತಿ ನಡೆಯುತ್ತಾನೆ, ಅವನ ಹಿಂದೆ ಹೋಗುತ್ತಿದ್ದೀರಿ ಅನ್ನುವಷ್ಟರಲ್ಲಿ ಇನ್ನೊಂದು ಮನೆ, ಇನ್ನೊಂದಿಷ್ಟು ಹೆಸರು. ಮೊದಲ ನೂರು ಪುಟದಲ್ಲಿ ಯಾರು ಯಾರ ಆಳು, ಯಾರು ಯಾರ ಮಗಳು ಎಂಬುದರಲ್ಲೇ ಜನ ಕಳೆದುಹೋಗುತ್ತಾರೆ. ದಿನಕ್ಕೆ ಐದು ಪುಟ ಓದಿದರಂತೂ ನಿನ್ನೆಯ ಹೆಸರು ಇವತ್ತಿಗೆ ಮರೆತಿರುತ್ತದೆ. ಇಂಥ ಪುಸ್ತಕವನ್ನು ಮಲಗುವ ಮುಂಚಿನ ಅರ್ಧ ಗಂಟೆಯಲ್ಲಿ ಓದಲು ಹೋಗಬೇಡಿ. ಬೇಸಿಗೆ ರಜೆಗೆ ಇಡಿ. ಒಂದು ಚೀಟಿಯಲ್ಲಿ ಮನೆಗಳ ಹೆಸರು, ಅದರ ಕೆಳಗೆ ಆ ಮನೆಯ ಜನ, ಇಷ್ಟು ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ನಮ್ಮ ಗುಂಪಿನಲ್ಲಿ ಈ ಚೀಟಿಯ ಜೆರಾಕ್ಸ್ ಕೈಯಿಂದ ಕೈಗೆ ಹೋಗಿದೆ.

'ಶಿಕಾರಿ'ಯ ತೊಂದರೆ ಬೇರೆ ಥರದ್ದು. ಯಶವಂತ ಚಿತ್ತಾಲರ 1979ರ ಈ ಕಾದಂಬರಿ ಮುಂಬಯಿಯ ಕಂಪನಿಯೊಂದರ ಒಳಸಂಚಿನಲ್ಲಿ ಸಿಕ್ಕಿಕೊಂಡ ನಾಗಪ್ಪನದ್ದು. ಹೊರಗೆ ನಡೆಯುವುದು ಕಡಿಮೆ, ಅವನ ತಲೆಯೊಳಗೆ ನಡೆಯುವುದು ಜಾಸ್ತಿ. ಅನುಮಾನದ ಮೇಲೆ ಅನುಮಾನ. ಅದು ಉಸಿರು ಕಟ್ಟಿಸಬೇಕು ಎಂದೇ ಹಾಗೆ ಬರೆದದ್ದು. ಬೆಳಿಗ್ಗೆಯಿಂದ ಸ್ಟಾಫ್ ರೂಮಿನ ರಾಜಕೀಯ ನೋಡಿ ಬಂದವರಿಗೆ ರಾತ್ರಿ ಮತ್ತೆ ಅದೇ ಬೇಡ ಅನ್ನಿಸಿದರೆ ಆಶ್ಚರ್ಯವೇನು? ಇಲ್ಲಿ ಇನ್ನೊಂದು ಒತ್ತಡವೂ ಇದೆ. ಯಶವಂತ ಚಿತ್ತಾಲರು ಹನೇಹಳ್ಳಿಯವರು, ನಿಮ್ಮ ತಾಲೂಕಿನವರೇ. ಕುಮಟಾದಲ್ಲಿದ್ದು ಚಿತ್ತಾಲರು ಹಿಡಿಸಲಿಲ್ಲ ಅನ್ನುವುದು ಹೇಗೆ ಅಂತ ಮನಸ್ಸು ಹಿಂಜರಿಯುತ್ತದೆ. ಹಾಗೆ ನೋಡಿದರೆ ನಮ್ಮ ಜಿಲ್ಲೆಯಲ್ಲಿ ಯಾರನ್ನೂ ಬಿಡುವ ಹಾಗಿಲ್ಲ. ಗೋಕರ್ಣದ ಜಯಂತ ಕಾಯ್ಕಿಣಿ, ಅಂಕೋಲೆಯ ದಿನಕರ ದೇಸಾಯಿ, ವಿವೇಕ ಶಾನಭಾಗ. ಊರಿನವರು ಎಂಬ ಪ್ರೀತಿ ಪುಸ್ತಕ ಕೈಗೆತ್ತಿಕೊಳ್ಳಲು ಸಾಕು. ಮುಗಿಸಲು ಅದು ಕಾರಣ ಆಗಬೇಕಾಗಿಲ್ಲ. ನಿಮಗೆ ಚಿತ್ತಾಲರು ಬೇಕೇ ಬೇಕು ಅನ್ನಿಸಿದರೆ ಕತೆಗಳಿಂದ ಹೋಗಿ. 'ಕತೆಯಾದಳು ಹುಡುಗಿ' ಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಒಂದು ಕತೆ ಒಂದು ಸಂಜೆಗೆ ಮುಗಿಯುತ್ತದೆ. ಅವರ ಜನ, ಅವರ ಭಯ ಪರಿಚಯವಾದ ಮೇಲೆ ನಾಗಪ್ಪನ ಹತ್ತಿರ ಹೋದರೆ ಅವನು ಅಷ್ಟು ಅಪರಿಚಿತ ಅನ್ನಿಸುವುದಿಲ್ಲ.

ಬಾನು ಮುಷ್ತಾಕ್ ಕತೆಗಳಲ್ಲಿ ಸುಸ್ತಾದದ್ದಕ್ಕೆ ಕಾರಣ ತೀರಾ ಸರಳ. ನೀವು ಕತೆಗಳನ್ನು ಕಾದಂಬರಿಯ ಹಾಗೆ ಓದಿದ್ದೀರಿ, ಒಂದರ ಹಿಂದೆ ಒಂದು. 2025ರ ಮೇನಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದದ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್'ಗೆ. ಅದರಲ್ಲಿರುವುದು 12 ಕತೆ. 1990ರಿಂದ 2023ರವರೆಗೆ ಬರೆದದ್ದು. ಅಂದರೆ ಮೂವತ್ತು ವರ್ಷದಲ್ಲಿ ಅಲ್ಲೊಂದು ಇಲ್ಲೊಂದು ಬಂದ ಕತೆಗಳು. ಕನ್ನಡದ ಸಂಕಲನಗಳೂ ಹೀಗೇ ಕೂಡಿದಂಥವು. ಮನೆಯೊಳಗೆ ಸಿಕ್ಕಿಬಿದ್ದ ಹೆಂಗಸರ ಕಷ್ಟವನ್ನು ಒಂದೇ ರಾತ್ರಿ ಐದು ಸಲ ಹೊತ್ತರೆ ಯಾರಿಗಾದರೂ ಸುಸ್ತೇ. ವಾರಕ್ಕೊಂದು ಕತೆ ಸಾಕು. ನಡುವೆ ಬೇರೆ ಏನಾದರೂ ಓದಿ. ಪ್ರಶಸ್ತಿ ಬಂದ ಪುಸ್ತಕ ಎಲ್ಲರಿಗೂ ಹಿಡಿಸಲೇಬೇಕು ಎಂಬುದು ತಪ್ಪು ತಿಳುವಳಿಕೆ. ನಾಲ್ಕೈದು ತೀರ್ಪುಗಾರರು ಆ ವರ್ಷ ತಮ್ಮ ಮುಂದೆ ಬಂದ ಪುಸ್ತಕಗಳಲ್ಲಿ ಇದು ಮೇಲು ಎಂದದ್ದು ಅದು. ನಿಮ್ಮ ಸಂಜೆಗೆ ಇದು ಸರಿ ಎಂದು ಅವರು ಹೇಳಿಲ್ಲ.

ಹಿಡಿದ ಪುಸ್ತಕ ಮುಗಿಸಲೇಬೇಕಾ ಎಂದರೆ, ಬೇಡ. ಇದನ್ನು ನಾನು ಗ್ರಂಥಪಾಲಕನ ಕುರ್ಚಿಯಿಂದಲೇ ಹೇಳಬಲ್ಲೆ. ನಮ್ಮ ವೃತ್ತಿಯ ಹಿರಿಯರು ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರ ಹೇಳಿದರು. ಪ್ರತಿ ಓದುಗನಿಗೆ ಅವನ ಪುಸ್ತಕ ಎನ್ನುವುದು ಅದರಲ್ಲೊಂದು. ಓದುಗನ ಸಮಯ ಉಳಿಸು ಎನ್ನುವುದು ಇನ್ನೊಂದು. ಒಲ್ಲದ ಪುಸ್ತಕದ ಮುಂದೆ ತಿಂಗಳುಗಟ್ಟಲೆ ಕೂತರೆ ಎರಡೂ ಕೆಟ್ಟಂತೆ. ಬಿಡುವುದರಲ್ಲೂ ಒಂದು ಅಪಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ. ಬಿಡುವುದು ಅಭ್ಯಾಸವಾಗಿಬಿಟ್ಟರೆ ಸ್ವಲ್ಪ ಏರು ಬಂದ ಕೂಡಲೇ ಪುಸ್ತಕ ಮುಚ್ಚುತ್ತೇವೆ. ಕೆಲವು ಒಳ್ಳೆಯ ಪುಸ್ತಕಗಳ ಏರು ಮೊದಲಲ್ಲೇ ಇರುತ್ತದೆ. ಹಾಗಾಗಿ ಬಿಡುವಾಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಮುಂದೆ ಏನಾಗುತ್ತದೆ ಎಂದು ನನಗೆ ಸ್ವಲ್ಪವಾದರೂ ಕುತೂಹಲ ಇದೆಯಾ? ಇದ್ದರೆ ಪುಸ್ತಕದ್ದಲ್ಲ, ಹೊತ್ತಿನ ಸಮಸ್ಯೆ. ಎತ್ತಿಡಿ. ಇಲ್ಲವೇ ಇಲ್ಲ ಎಂದಾದರೆ ಓದುವ ಬೇರೆಯವರಿಗೆ ಕೊಟ್ಟುಬಿಡಿ. ನಿಂತ ಪುಟದ ಸಂಖ್ಯೆಯನ್ನು ರಕ್ಷಾಪುಟದ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ. ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬೇಡಿ ಮಾರಾಯ್ರೆ, ನಿಮ್ಮದರಲ್ಲಿ.

ಈಗ ಕಷ್ಟದ ವಿಷಯ. ಗುಂಪಿನವರೇ ಬರೆದ ಕಾದಂಬರಿ.

ಇದು ಸಣ್ಣ ಊರಿನ ಸಮಸ್ಯೆ. ಬೆಂಗಳೂರಿನಲ್ಲಿ ಒಬ್ಬ ಲೇಖಕನ ಪುಸ್ತಕ ಚೆನ್ನಾಗಿಲ್ಲ ಎಂದು ಹೇಳಿದರೆ ಅವನ ಮುಖ ನೋಡಬೇಕಾಗಿಲ್ಲ. ಇಲ್ಲಿ ಲೇಖಕರು ನಾಳೆ ಬ್ಯಾಂಕಿನಲ್ಲಿ ಸಿಗುತ್ತಾರೆ, ನಾಡಿದ್ದು ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುತ್ತಾರೆ. ಪುಸ್ತಕ ಬಿಡುಗಡೆಯಲ್ಲಿ ಶಾಲು ಹೊದಿಸಿ, ಓದುವ ಮೊದಲೇ ಎಲ್ಲರೂ ಹೊಗಳಿ ಆಗಿರುತ್ತದೆ. ಐನೂರೋ ಸಾವಿರವೋ ಪ್ರತಿ ಹಾಕಿಸಿ, ಎಷ್ಟೋ ಸಲ ಸ್ವಂತ ದುಡ್ಡಲ್ಲಿ, ಅದರಲ್ಲಿ ಒಂದನ್ನು ಪ್ರೀತಿಯಿಂದ ಸಹಿ ಮಾಡಿ ಕೊಟ್ಟವರಿಗೆ ಏನೆಂದು ಹೇಳುವುದು?

ಮೊದಲ ದಾರಿ, ನೀವು ಈಗಾಗಲೇ ಹಿಡಿದದ್ದು. ಚೆನ್ನಾಗಿದೆ ಎಂದು ಮುಗಿಸುವುದು. ಸ್ನೇಹ ಉಳಿಯುತ್ತದೆ. ಆದರೆ ನಿಮ್ಮ ಮಾತು ನಂಬಿ ಇನ್ನೊಬ್ಬರು ಓದಿ ನಿರಾಶರಾದರೆ ಮುಂದಿನ ಸಲ ನೀವು ನಿಜವಾಗಿ ಹೊಗಳಿದ ಪುಸ್ತಕವನ್ನೂ ಅವರು ಮುಟ್ಟುವುದಿಲ್ಲ. ಹೀಗೆ ಟೊಳ್ಳಾದ ಗುಂಪುಗಳನ್ನು ಕಂಡಿದ್ದೇನೆ. ಎಲ್ಲರದ್ದೂ ಎಲ್ಲ ಚೆನ್ನಾಗಿದೆ, ಕೊನೆಗೆ ಉಳಿಯುವುದು ಅವಲಕ್ಕಿ ಮಾತ್ರ. ಎರಡನೆಯದು ಹಿಡಿಸಲಿಲ್ಲ ಎಂದು ನೇರ ಹೇಳುವುದು. ಪ್ರಾಮಾಣಿಕ, ಆದರೆ ಎಲ್ಲರ ಮುಂದೆ ಹೇಳಿದರೆ ಅದು ತೀರ್ಪಾಗುತ್ತದೆ. ಬರೆದವರಿಗೆ ಅದರಿಂದ ಕಲಿಯಲು ಏನೂ ಸಿಗುವುದಿಲ್ಲ, ನೋವು ಮಾತ್ರ ಸಿಗುತ್ತದೆ.

ನಾನು ಹೇಳುವ ಮೂರನೆಯ ದಾರಿಯನ್ನು ನಮ್ಮ ಕಡೆಯ ಜನ ಯಾವತ್ತಿನಿಂದಲೋ ನಡೆಯುತ್ತಾ ಬಂದಿದ್ದಾರೆ, ಪುಸ್ತಕದ ವಿಷಯದಲ್ಲಿ ಅಲ್ಲ ಅಷ್ಟೇ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಲೆ ಮುಗಿಸಿ ಹೊರಡುವವರ ಮಾತು ಕೇಳಿದ್ದೀರಲ್ಲ. "ಕೌರವ ಜೋರಾದ. ಕೃಷ್ಣ ಸಂಧಾನಕ್ಕೆ ಬಂದಲ್ಲಿ ಚೂರು ಎಳೆದ, ಅಲ್ಲಿ ನಂಗೆ ನಿದ್ದೆ ಬಂತು. ವಿದುರನ ಮನೆಯಲ್ಲಿ ಮತ್ತೆ ಎದ್ದು ಕೂತೆ." ಯಾರೂ "ಒಟ್ಟಾರೆ ಉತ್ತಮ" ಎನ್ನುವುದಿಲ್ಲ. ಎಲ್ಲಿ ಕೂತರು, ಎಲ್ಲಿ ತೂಕಡಿಸಿದರು ಎಂದು ಹೇಳುತ್ತಾರೆ. ಅರ್ಥ ಹೇಳಿದವರಿಗೂ ಅದು ಅವಮಾನ ಅನ್ನಿಸುವುದಿಲ್ಲ. ಯಾಕೆಂದರೆ ಈ ಮನುಷ್ಯ ರಾತ್ರಿಯಿಡೀ ಕೂತು ಕೇಳಿದ್ದಾನೆ ಎಂಬುದಕ್ಕೆ ಅದೇ ಸಾಕ್ಷಿ.

ಪುಸ್ತಕದ ಬಗ್ಗೆಯೂ ಹಾಗೇ ಹೇಳಿ. ಉದಾಹರಣೆಗೆ, "ಅಜ್ಜಿಯ ಭಾಗ ಒಂದೇ ಉಸಿರಿಗೆ ಓದಿದೆ. ಮಗ ಊರು ಬಿಟ್ಟ ಮೇಲೆ ನನಗೆ ಎಳೆತ ಕಡಿಮೆಯಾಯ್ತು. ಅವನು ಯಾಕೆ ಹೋದ ಅಂತ ನನಗೆ ಹಿಡಿಯಲೇ ಇಲ್ಲ. ಅಲ್ಲಿ ನಿಂತಿದ್ದೇನೆ." ಇದು ಹೊಗಳಿಕೆ ಅಲ್ಲ, ತೆಗಳಿಕೆಯೂ ಅಲ್ಲ. ನೀವು ಓದಿದ ದಾರಿ. ಬರೆದವರು ಬುದ್ಧಿವಂತರಾಗಿದ್ದರೆ ಹಿಂದೆಯೇ ಬಂದು "ಯಾವ ಪುಟದಲ್ಲಿ?" ಎಂದು ಕೇಳುತ್ತಾರೆ. ಇದಕ್ಕೂ ಮುನಿಸಿಕೊಳ್ಳುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಅಂಥವರು ಅನ್ನಿಸಿದರೆ ಸಭೆಗೆ ಮೊದಲೇ ಒಂದು ಫೋನ್ ಮಾಡಿ ಅವರೊಬ್ಬರಿಗೇ ಹೇಳಿ. ಸಭೆಯಲ್ಲಿ ಆ ತಿಂಗಳು ಬೇರೆ ಪುಸ್ತಕ ಮಾತಾಡಿ. ಕಳೆದ ಸಲದ "ತುಂಬಾ ಚೆನ್ನಾಗಿದೆ" ಇದೆಯಲ್ಲ, ಅದನ್ನು ವಾಪಸ್ ತೆಗೆದುಕೊಳ್ಳುವ ಸಾಹಸ ಬೇಡ. "ಇನ್ನೊಮ್ಮೆ ನೋಡಿದೆ" ಎಂದು ಶುರು ಮಾಡಿದರೆ ಸಾಕು.

'ಶಿಕಾರಿ'ಗೂ ಇದೇ ಸೂತ್ರ. "ಎರಡು ಸಲ ಹಿಡಿದೆ. ಕಂಪನಿಯೊಳಗಿನ ಕಿತಾಪತಿ ಬಂದಲ್ಲಿ ಓಡಿದೆ, ನಾಗಪ್ಪ ಒಬ್ಬನೇ ಕೂತು ಯೋಚಿಸಲು ಶುರು ಮಾಡಿದಲ್ಲಿ ನಿಂತೆ" ಎನ್ನಿ. ಗುಂಪಿನಲ್ಲಿ ಅದನ್ನು ಮುಗಿಸಿದವರು ಇದ್ದರೆ ಆ ಜಾಗವನ್ನು ಅವರು ದಾಟಿದ್ದು ಹೇಗೆ ಎಂದು ಹೇಳುತ್ತಾರೆ. ಅರ್ಧ ಗಂಟೆ ಮಾತಿಗೆ ಅಷ್ಟು ಸಾಕು. ಮುಗಿಸಿ ಬಂದು "ಅದ್ಭುತ" ಎಂದವರ ಹತ್ತಿರ ಅಷ್ಟು ಮಾತು ಹುಟ್ಟುವುದಿಲ್ಲ.

ವರ್ಷಕ್ಕೆ ನೂರು ಪುಸ್ತಕದವರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಒಂದು ಪುಟಕ್ಕೆ ಎರಡು ನಿಮಿಷ ಎಂದುಕೊಳ್ಳಿ. ಮುನ್ನೂರು ಪುಟಕ್ಕೆ ಹತ್ತು ಗಂಟೆ. ನೂರು ಪುಸ್ತಕಕ್ಕೆ ಸಾವಿರ ಗಂಟೆ. ದಿನಕ್ಕೆ ಎರಡೂ ಮುಕ್ಕಾಲು ಗಂಟೆ ಒಂದು ದಿನವೂ ತಪ್ಪದೆ ಕೂರಬೇಕು. ಪಿಂಚಣಿದಾರರಿಗೆ ಸಾಧ್ಯ. ಬೆಳಿಗ್ಗೆ ತಿಂಡಿ ಮಾಡಿಟ್ಟು, ಎಂಟು ಪೀರಿಯಡ್ ದಿನ ಮುಗಿಸಿ, ಸಂಜೆ ನೋಟ್‌ಬುಕ್ ತಿದ್ದುವವರಿಗೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಆ ಅರ್ಧ ಗಂಟೆಯಲ್ಲಿ ಮುನ್ನೂರು ಪುಟಕ್ಕೆ ಇಪ್ಪತ್ತು ದಿನ ಬೇಕು. ವರ್ಷಕ್ಕೆ ಹದಿನೆಂಟು ಪುಸ್ತಕ. ಕಡಿಮೆ ಏನಲ್ಲ. ಅವರ ಲೆಕ್ಕ ಅವರಿಗಿರಲಿ, ನೀವು ಪಟ್ಟಿ ಇಡಲು ಹೋಗಬೇಡಿ. ಪಟ್ಟಿ ಇಟ್ಟವರು ತೆಳ್ಳಗಿನ ಪುಸ್ತಕ ಹುಡುಕಲು ಶುರು ಮಾಡುತ್ತಾರೆ, ಅದನ್ನೂ ನೋಡಿದ್ದೇನೆ.

ಆಡಿಯೋ ಪುಸ್ತಕ ಓದಿದ ಲೆಕ್ಕವಾ? ನನ್ನ ಲೆಕ್ಕದಲ್ಲಿ ಹೌದು. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದೇ ಬರಹವನ್ನು ಕೆಲವರಿಗೆ ಓದಲು, ಕೆಲವರಿಗೆ ಕೇಳಲು, ಕೆಲವರಿಗೆ ಎರಡೂ ಮಾಡಲು ಕೊಟ್ಟರು. ಆಗಲೂ, ಎರಡು ವಾರದ ಮೇಲೂ ಪರೀಕ್ಷಿಸಿದರೆ ಅರ್ಥವಾದದ್ದರಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ. ಗಮಕಿ ಓದಿ ಇನ್ನೊಬ್ಬರು ಅರ್ಥ ಹೇಳುವುದನ್ನು ಕೇಳಿಯೇ ಕುಮಾರವ್ಯಾಸನನ್ನು ಬಲ್ಲವರು ನಮ್ಮ ಹಿರಿಯರಲ್ಲಿ ಎಷ್ಟೋ ಜನ. ಅವರಿಗೆ ಮಹಾಭಾರತ ಗೊತ್ತಿಲ್ಲ ಎನ್ನುವ ಧೈರ್ಯ ನನಗಿಲ್ಲ. ಆದರೆ ಕೇಳುವಾಗ ಎರಡು ತೊಂದರೆ ಇವೆ. ತಲೆ ಎಲ್ಲೋ ಹೋದರೆ ದನಿ ನಿಮಗಾಗಿ ಕಾಯುವುದಿಲ್ಲ. ಹೆಸರು ಜಾಸ್ತಿ ಇದ್ದರೆ ಹಿಂದೆ ತಿರುವಿ ನೋಡಲು ಆಗುವುದಿಲ್ಲ. ಅದಕ್ಕೆ 'ಮದುಮಗಳು' ಥರದ್ದನ್ನು ಕೇಳಿ ಶುರು ಮಾಡಬೇಡಿ. ಸಣ್ಣ ಕತೆ, ಪ್ರವಾಸ, ಆತ್ಮಕತೆ ಕೇಳಲು ಹಿತ. ಅಡುಗೆ ಮನೆಯಲ್ಲಿ, ಬಸ್ಸಿನಲ್ಲಿ ಕೇಳಿ. ಕಣ್ಣಿಗೂ ವಿಶ್ರಾಂತಿ.

ಈಗ ಮಾಡಬೇಕಾದ್ದು. ಆ ನಾಲ್ಕನ್ನೂ ಹಾಸಿಗೆ ಪಕ್ಕದಿಂದ ಎತ್ತಿ. ಕಣ್ಣಿಗೆ ಬೀಳುತ್ತಾ ಇದ್ದರೆ ಅವು ಬಾಕಿ ಸಾಲದವರ ಹಾಗೆ ನೋಡುತ್ತಾ ಇರುತ್ತವೆ. ಎರಡು ಅಥವಾ ಮೂರು ಸಂಜೆಯಲ್ಲಿ ಮುಗಿಯುವ ಒಂದು ಪುಸ್ತಕ ತೆಗೆದುಕೊಳ್ಳಿ. ಮುಗಿಸಿದೆ ಎಂಬ ಅನುಭವ ಒಮ್ಮೆ ಸಿಕ್ಕರೆ ಮುಂದಿನದು ಸುಲಭ. ನಾನು ಇಂಥ ಹೊತ್ತಿನಲ್ಲಿ ಜನರಿಗೆ ಕೊಡುವುದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ತೆಳ್ಳಗಿದೆ, ಆದರೆ ಹಗುರ ಅಲ್ಲ. ಇಲ್ಲವಾದರೆ ಹಿಂದೆ ಪ್ರೀತಿಯಿಂದ ಓದಿದ ಒಂದನ್ನು ಮತ್ತೆ ಓದಿ. ಮತ್ತೆ ಓದುವಾಗ ಕತೆಯ ಭಯ ಇರುವುದಿಲ್ಲ, ನಿಧಾನಕ್ಕೆ ಹೋಗಬಹುದು. ಅಪಾಯ ಒಂದೇ. ಇಪ್ಪತ್ತರಲ್ಲಿ ಕಣ್ಣೀರು ಹಾಕಿಸಿದ್ದು ಐವತ್ತನಾಲ್ಕರಲ್ಲಿ ಸಪ್ಪೆ ಅನ್ನಿಸಬಹುದು. ಅನ್ನಿಸಿದರೆ ಭಾನುವಾರ ಅದನ್ನೇ ಹೇಳಿ, ಚರ್ಚೆ ಜೋರಾಗುತ್ತದೆ. ಓದುವ ಹೊತ್ತನ್ನೂ ಬದಲಿಸಿ. ಮಲಗುವಾಗ ಬೇಡ. ಶಾಲೆಯಿಂದ ಬಂದು ಚಹಾ ಕುಡಿಯುವ ಹೊತ್ತು,  ಕುರ್ಚಿಯಲ್ಲಿ ಕೂತು, ಇಪ್ಪತ್ತು ನಿಮಿಷ.

ಒಂದು ಮಾತ್ರ ನೀವೇ ಗಮನಿಸಿಕೊಳ್ಳಿ. ರುಚಿ ಕೆಟ್ಟಿರುವುದು ಪುಸ್ತಕಕ್ಕೆ ಮಾತ್ರವಾ, ಅಥವಾ ಹಾಡು, ಊಟ, ಜನರ ಜೊತೆ ಮಾತು ಎಲ್ಲಕ್ಕೂ ಹಾಗೇ ಆಗಿದೆಯಾ? ಎಲ್ಲವೂ ಬೇಡ ಅನ್ನಿಸಿ, ನಿದ್ದೆಯೂ ಕೆಟ್ಟು ಎರಡು ವಾರ ದಾಟಿದ್ದರೆ ಅದು ಗ್ರಂಥಪಾಲಕನ ಹತ್ತಿರ ತರುವ ವಿಷಯ ಅಲ್ಲ. ಡಾಕ್ಟರ ಹತ್ತಿರ ಹೋಗಿ. ನಿಮ್ಮ ಪತ್ರದ ಧಾಟಿ ನೋಡಿದರೆ ಹಾಗೆ ಅನ್ನಿಸುವುದಿಲ್ಲ, ಆದರೂ ಹೇಳಬೇಕಾದ್ದು ಹೇಳಿದೆ.

ಇನ್ನು ಬೂಷ್ಟು. ಸೀನು ಬರುವುದು, ಕಣ್ಣು ಉರಿಯುವುದು ಅದರಿಂದಲೂ ಇರಬಹುದು. ಗಾಳಿಯಲ್ಲಿ ತೇವ ಶೇಕಡಾ 65-70 ದಾಟಿದರೆ ಬೂಷ್ಟಿಗೆ ಹಬ್ಬ. ನಮ್ಮ ಕರಾವಳಿಯ ಮಳೆಗಾಲ ಅದಕ್ಕಿಂತ ಬಹಳ ಮೇಲೆ. ಕರ್ಪೂರದ ಗುಳಿಗೆಯ ಹಾಗಿರುವ ನ್ಯಾಫ್ತಲೀನ್ ಇಟ್ಟರೆ ಬೂಷ್ಟು ಹೋಗುತ್ತದೆ ಎಂದು ಎಲ್ಲರೂ ಇಡುತ್ತಾರೆ. ಅದು ಹುಳಕ್ಕೆ, ಬೂಷ್ಟಿಗಲ್ಲ. ಅದರ ವಾಸನೆ ನಿಮಗೂ ಒಳ್ಳೆಯದಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಇನ್ನೂ ಕೆಡುತ್ತದೆ. ಒಣ ಹವೆ ಇರುವ ದಿನ ಮಾಸ್ಕ್ ಹಾಕಿ, ಪುಸ್ತಕಗಳನ್ನು ಹೊರಗೆ ಜಗಲಿಗೆ ತನ್ನಿ. ಮೊದಲು ನೆರಳಿನಲ್ಲಿ ಪುಟ ಬಿಡಿಸಿ ನಿಲ್ಲಿಸಿ ಫ್ಯಾನ್ ಗಾಳಿಗೆ ಒಣಗಿಸಿ. ಹಸಿ ಇರುವಾಗ ಒರೆಸಿದರೆ ಬೂಷ್ಟು ಕಾಗದದೊಳಗೆ ತಿಕ್ಕಿಕೊಳ್ಳುತ್ತದೆ. ಒಣಗಿದ ಮೇಲೆ ಮೆತ್ತನೆ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಗೆ ಗುಡಿಸಿ. ಒದ್ದೆ ಬಟ್ಟೆ ಬೇಡ, ಡೆಟಾಲ್ ಬೇಡ. ಕಪಾಟನ್ನು ಗೋಡೆಯಿಂದ ಮೂರು ಬೆರಳು ಮುಂದೆ ಸರಿಸಿ, ಪುಸ್ತಕಗಳನ್ನು ಒತ್ತಿ ತುಂಬಬೇಡಿ. ಗಾಜಿನ ಬಾಗಿಲಿನ ಕಪಾಟಾದರೆ ಒಣ ದಿನಗಳಲ್ಲಿ ತೆರೆದಿಡಿ. ತೀರಾ ಬೂಷ್ಟು ಹಿಡಿದದ್ದನ್ನು ಬೇರೆ ಪೆಟ್ಟಿಗೆಯಲ್ಲಿಡಿ, ಇಲ್ಲದಿದ್ದರೆ ಪಕ್ಕದ್ದಕ್ಕೂ ಹರಡುತ್ತದೆ. ಅಂಗಡಿಯಲ್ಲಿ ಮತ್ತೆ ಸಿಗುವ ಪುಸ್ತಕವಾದರೆ ಹೊಸದು ತಗೊಳ್ಳಿ. ಸಿಗದೆ ಇರುವುದಕ್ಕೆ ಮಾತ್ರ ಇಷ್ಟು ಕಷ್ಟಪಡಿ.